ಸರದಿ ಮುರಿದರೆ ಲೆಕ್ಕ ಯಾರ ಖಾತೆಗೆ?

ಎಸ್‌ಟಿಡಿ ಬೂತ್‌ಗಳು ಊರೂರಿಗೆ ಬರುವ ಮುನ್ನ, ದೂರದ ಊರಿಗೆ ಫೋನ್ ಮಾಡುವುದೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು ಎಂದೇ ಅರ್ಥವಾಗಿತ್ತು. ಬೆಳಿಗ್ಗೆ ಮುಂಬಯಿಗೆ ಕಾಲ್ ಬುಕ್ ಮಾಡಿದ ಅಡಿಕೆ ಮಂಡಿಯವರಿಗೆ ಲೈನ್ ಸಿಗುವ ಹೊತ್ತಿಗೆ ಮಧ್ಯಾಹ್ನದ ಊಟ ಮುಗಿದಿರುತ್ತಿತ್ತು. ಈ ಕರೆಗಳಲ್ಲಿ ಮೂರು ದರ್ಜೆ ಇದ್ದವು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟಿಗೆ ಎರಡು ಪಟ್ಟು ದರ. ಲೈಟ್ನಿಂಗಿಗೆ ಎಂಟು ಪಟ್ಟು. ಲೈಟ್ನಿಂಗ್ ಕರೆ ಬಂದರೆ ಆಪರೇಟರ್ ಕೈಯಲ್ಲಿದ್ದ ಚೀಟಿಗಳ ಕಟ್ಟಿನಲ್ಲಿ ಅದು ಎಲ್ಲಕ್ಕಿಂತ ಮೇಲೆ ಹೋಗುತ್ತಿತ್ತು. ಸಾವಿನ ಸುದ್ದಿ ಮುಟ್ಟಿಸಬೇಕಾದವರಿಗೆ ಆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಹಣ ಕೊಟ್ಟವನು ಬೇಗ ಮಾತನಾಡಿದ, ಇಲಾಖೆಗೆ ಆದಾಯವಾಯಿತು. ಆದರೆ ಅದೇ ಕಟ್ಟಿನ ತಳದಲ್ಲಿದ್ದ ಆರ್ಡಿನರಿ ಚೀಟಿಯವನು ಎಷ್ಟು ಹೆಚ್ಚು ಕಾದ ಎಂಬುದನ್ನು ಯಾರೂ ಬರೆದಿಡಲಿಲ್ಲ. ಅವನ ಬಿಲ್ಲಿನಲ್ಲಿ ಅದಕ್ಕೆ ರಿಯಾಯಿತಿಯೂ ಇರಲಿಲ್ಲ. 1960ರ ನವೆಂಬರಿನಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ದೇಶದ ಮೊದಲ ಎಸ್‌ಟಿಡಿ ಸಂಪರ್ಕ ಬಂದ ಮೇಲೆ ನಿಧಾನವಾಗಿ ಈ ಚೀಟಿಗಳ ಕಾಲ ಮುಗಿಯಿತು. ಎಕ್ಸ್‌ಪ್ರೆಸ್ ಎಂಬ ದುಬಾರಿ ದರ್ಜೆಯನ್ನು ಇಟ್ಟುಕೊಂಡಿದ್ದ ತಂತಿ ಸೇವೆಯೂ 2013ರ ಜುಲೈನಲ್ಲಿ ನಿಂತಿತು. ದರ್ಜೆಗಳು ಮಾತ್ರ ಹೋಗಲಿಲ್ಲ. ಅವು ಆಪರೇಟರ್ ಕೈಬಿಟ್ಟು ರೂಟರ್ ಎಂಬ ಪೆಟ್ಟಿಗೆಯೊಳಗೆ ಸೇರಿಕೊಂಡವು. ಅಲ್ಲಿ ಯಾರು ಎಷ್ಟು ಕಾಯುತ್ತಾರೆಂದು ಮೊದಲೇ ಅಂದಾಜು ಮಾಡಬಹುದು ಎನ್ನುವುದೇ ವಿಶೇಷ. ಆ ಲೆಕ್ಕಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ.

ಕೋಪನ್‌ಹೇಗನ್ನಿನ ಮೇಷ್ಟ್ರು

ಲೆಕ್ಕ ಶುರುವಾದದ್ದು ಡೆನ್ಮಾರ್ಕಿನಲ್ಲಿ. ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬಾತ 1878ರಲ್ಲಿ ಶಾಲಾ ಮಾಸ್ತರರೊಬ್ಬರ ಮಗನಾಗಿ ಹುಟ್ಟಿದವನು. ತಾನೂ ಕೆಲವು ಕಾಲ ಮೇಷ್ಟ್ರಾಗಿದ್ದವನು. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪೆನಿ ಸೇರಿದ. ಆ ಕಂಪೆನಿಯ ಪ್ರಮುಖ ಎಂಜಿನಿಯರ್ ಯೋಹಾನ್ ಯೆನ್ಸೆನ್ ಸ್ವತಃ ಹೆಸರಾಂತ ಗಣಿತಜ್ಞನಾಗಿದ್ದ. ಟೆಲಿಫೋನ್ ಕಂಪೆನಿಗೆ ಗಣಿತಜ್ಞನೊಬ್ಬ ಬೇಕೆಂದು ಯಾರಿಗಾದರೂ ತೋಚಿದ್ದು ಬಹುಶಃ ಇದರಿಂದಲೇ.

ಎರ್ಲಾಂಗನ ಮುಂದಿದ್ದ ಪ್ರಶ್ನೆ ನೆಲದ ಮೇಲಿನದು. ಊರಿನ ಜನ ಯಾವಾಗ ಫೋನ್ ಎತ್ತುತ್ತಾರೆ, ಎಷ್ಟು ಹೊತ್ತು ಹರಟುತ್ತಾರೆ ಎಂಬುದು ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಎಷ್ಟು ತಂತಿ ಎಳೆಯಬೇಕು? ಕಡಿಮೆ ಎಳೆದರೆ ಗಿರಾಕಿ ಬೈಯುತ್ತಾನೆ, ಹೆಚ್ಚು ಎಳೆದರೆ ತಾಮ್ರದ ದುಡ್ಡು ದಂಡ. ಒಬ್ಬೊಬ್ಬರ ಮನಸ್ಸು ಊಹೆಗೆ ಸಿಗದಿದ್ದರೂ ಸಾವಿರಾರು ಜನ ಸೇರಿದಾಗ ಅವರ ಕರೆಗಳು ಒಂದು ಗಣಿತದ ನಿಯಮಕ್ಕೆ ಬೀಳುತ್ತವೆ ಎಂದು 1909ರ ಪ್ರಬಂಧದಲ್ಲಿ ಆತ ತೋರಿಸಿದ. 1917ರಲ್ಲಿ, ಇಷ್ಟು ಕರೆ ಇಷ್ಟು ತಂತಿ ಇದ್ದರೆ ಎಷ್ಟು ಮಂದಿಗೆ ಲೈನ್ ಸಿಗದು, ಸಿಗುವವರು ಎಷ್ಟು ಕಾಯಬೇಕು ಎಂಬ ಸೂತ್ರಗಳನ್ನು ಕೊಟ್ಟ. ಕಚೇರಿಯಲ್ಲಿ ಕೂತೇ ಕೆಲಸ ಮಾಡಿದವನಲ್ಲ. ಏಣಿ ಹೊತ್ತ ಕೂಲಿಯವನನ್ನು ಜೊತೆಗಿಟ್ಟುಕೊಂಡು ಬೀದಿಯ ಮ್ಯಾನ್‌ಹೋಲ್‌ಗಳಿಗೆ ಇಳಿದು ತಂತಿಗಳನ್ನು ಅಳೆಯುತ್ತಿದ್ದವನು. 1929ರಲ್ಲಿ, 51ನೆಯ ವಯಸ್ಸಿನಲ್ಲಿ ತೀರಿಕೊಂಡ. ದೂರವಾಣಿ ಹೊರೆಯನ್ನು ಇಂದಿಗೂ ಅಳೆಯುವುದು ಅವನ ಹೆಸರಿನ ಮಾನದಲ್ಲೇ.

ಎರ್ಲಾಂಗನ ನಂತರ ಫೆಲಿಕ್ಸ್ ಪೊಲಾಚೆಕ್ 1930ರಲ್ಲಿ, ರಷ್ಯದ ಅಲೆಕ್ಸಾಂಡರ್ ಖಿಂಚಿನ್ 1932ರಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಬಿಡಿಸಿದರು. ಕಾಯುವ ವೇಳೆ ನಿರ್ಧಾರವಾಗುವುದು ಕೆಲಸದ ಸರಾಸರಿ ಉದ್ದದಿಂದ ಮಾತ್ರವಲ್ಲ, ಆ ಉದ್ದಗಳು ಒಂದಕ್ಕೊಂದು ಎಷ್ಟು ಏರುಪೇರಾಗಿವೆ ಎಂಬುದರಿಂದಲೂ. ಬ್ಯಾಂಕಿನ ಕೌಂಟರಿನಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ನಿಮಿಷ ಹಿಡಿದರೆ ಸಾಲು ಸರಾಗ. ಅದೇ ಸರಾಸರಿ ಎರಡು ನಿಮಿಷವೇ ಆಗಿ, ನಡುನಡುವೆ ಒಬ್ಬ ಚೀಲ ತುಂಬ ಚಿಲ್ಲರೆ ತಂದು ಸುರಿದರೆ ಅವನ ಹಿಂದಿನವರೆಲ್ಲ ಸಿಕ್ಕಿಬೀಳುತ್ತಾರೆ. ಈ ಚಿಲ್ಲರೆ ಚೀಲದವನು ರೂಟರಿನ ಕತೆಯಲ್ಲಿ ಮತ್ತೆ ಬರುತ್ತಾನೆ.

ಇವರೆಲ್ಲ ಲೆಕ್ಕ ಹಾಕಿದ್ದು ಬಂದವರು ಬಂದಂತೆ ನಿಲ್ಲುವ ಸಭ್ಯ ಸಾಲಿಗೆ. ಸರದಿ ಮುರಿಯುವ ಹಕ್ಕುಳ್ಳವರ ಸಾಲಿಗೆ ಸೂತ್ರ ಬರೆದವನು ಅಮೆರಿಕದ ಅಲನ್ ಕಾಬಂ. ವರ್ಷ 1954. ಪ್ರಬಂಧ ಬಲು ಚಿಕ್ಕದು. ಆದರೆ ಇವತ್ತಿಗೂ ಆದ್ಯತೆಯ ಪ್ಯಾಕೆಟ್ಟಿನ ವಿಳಂಬವನ್ನು ಅಂದಾಜು ಮಾಡಲು ಕೂತ ಎಂಜಿನಿಯರ್ ಮೊದಲು ಕೈಹಾಕುವುದು ಅದಕ್ಕೇ.

ಪೆಟ್ಟಿಗೆಯೊಳಗಿನ ಸಾಲು

ಇಂಟರ್‌ನೆಟ್ಟಿನಲ್ಲಿ ಹೋಗುವ ಮಾತು, ಪತ್ರ, ಸಿನಿಮಾ ಎಲ್ಲವೂ ಸಣ್ಣ ಸಣ್ಣ ಕಟ್ಟುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಹೋಗುತ್ತವೆ ಎಂಬುದು ಈಗ ಬಹಳ ಮಂದಿಗೆ ಗೊತ್ತು. ದಾರಿ ಕೂಡುವಲ್ಲೆಲ್ಲ ಒಂದು ರೂಟರ್ ಕೂತಿರುತ್ತದೆ. ಬಂದ ಪ್ಯಾಕೆಟ್ಟಿನ ವಿಳಾಸ ನೋಡಿ ಮುಂದಿನ ಮಾರ್ಗಕ್ಕೆ ಹಾಕುವುದು ಅದರ ಕೆಲಸ. ಮಾರ್ಗ ಬಿಡುವಿಲ್ಲದಿದ್ದರೆ ಪ್ಯಾಕೆಟ್ ರೂಟರಿನ ಸ್ಮೃತಿಯಲ್ಲಿ ಸಾಲು ನಿಲ್ಲುತ್ತದೆ.

ಪಯಣದ ಉಳಿದ ವಿಳಂಬಗಳು ಬಹುಮಟ್ಟಿಗೆ ಕಟ್ಟಿಟ್ಟವು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 2 ಸಾವಿರ ಕಿಲೋಮೀಟರ್ ದಾರಿಗೆ 10 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ನೂರನೇ ಒಂದು ಭಾಗ. ಅದನ್ನು ಯಾರೂ ಕಡಿಮೆ ಮಾಡಲಾರರು. ಗಳಿಗೆಗೊಂದು ತೆರನಾಗಿ ಬದಲಾಗುವುದು ಸಾಲಿನಲ್ಲಿ ನಿಲ್ಲುವ ಹೊತ್ತು ಮಾತ್ರ. ಇ–ಮೇಲ್ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ತಿಳಿಯದು. ಮಾತಿಗೆ ಹಾಗಲ್ಲ. ಬಾಯಿಯಿಂದ ಕಿವಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದು ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ಸುಮ್ಮನಾಗಿ, ಕೊನೆಗೆ ಜಗಳವಾಡಿದಂತೆ ಕೇಳುತ್ತದೆ. ಹಾಗಾಗಿ ಮಾತಿನ ಪ್ಯಾಕೆಟ್ಟಿಗೆ ಮುಂದೆ ಹೋಗುವ ಹಕ್ಕು ಕೊಡುವುದು ನ್ಯಾಯವೇ. ಕೊಟ್ಟರೆ ಏನಾಗುತ್ತದೆ?

ಒಂದು ಲೆಕ್ಕ ಮಾಡಿ ನೋಡಬಹುದು. ಸಣ್ಣ ಕಚೇರಿಯೊಂದಕ್ಕೆ ಸೆಕೆಂಡಿಗೆ 20 ಲಕ್ಷ ಬಿಟ್ ಸಾಗಿಸುವ ಮಾರ್ಗವಿದೆ ಎಂದುಕೊಳ್ಳೋಣ. ಐದು ಮಂದಿ ಫೋನಿನಲ್ಲಿ ಮಾತನಾಡುತ್ತಿದ್ದಾರೆ. ಮಾತಿನ ಪ್ಯಾಕೆಟ್ ಪುಟ್ಟದು, 200 ಬೈಟ್. ಮಾರ್ಗದಲ್ಲಿ ಹಾದುಹೋಗಲು 0.8 ಮಿಲಿಸೆಕೆಂಡ್ ಸಾಕು. ಪ್ರತಿ ಕರೆಯಿಂದ ಸೆಕೆಂಡಿಗೆ 50, ಐದರಿಂದ 250. ಮಾರ್ಗದ ನೂರಕ್ಕೆ 20 ಪಾಲು ಇವರದಾಯಿತು. ಉಳಿದವರು ಕಡತ ಇಳಿಸಿಕೊಳ್ಳುತ್ತಿದ್ದಾರೆ. ಕಡತದ ಪ್ಯಾಕೆಟ್ ದಢೂತಿ, 1500 ಬೈಟ್, ಹಾದುಹೋಗಲು 6 ಮಿಲಿಸೆಕೆಂಡ್. ಸೆಕೆಂಡಿಗೆ 100 ಬರುತ್ತವೆ. ನೂರಕ್ಕೆ 60 ಪಾಲು. ಒಟ್ಟು ಹೊರೆ ನೂರಕ್ಕೆ 80.

ಎಷ್ಟೇ ದೊಡ್ಡ ಮನುಷ್ಯನಾದರೂ ಕೌಂಟರಿನಲ್ಲಿ ಆಗಲೇ ನಿಂತವನ ಕೆಲಸ ಮುಗಿಯುವ ತನಕ ಕಾಯಲೇಬೇಕು. ಸಾಮಾನ್ಯ ರೂಟರಿನಲ್ಲೂ ಹಾಗೇ. ಹೊರಟ ಪ್ಯಾಕೆಟ್ಟನ್ನು ಅರ್ಧಕ್ಕೆ ತಡೆಯುವಂತಿಲ್ಲ. ಹೊಸ ಪ್ಯಾಕೆಟ್ ಬಂದಾಗ ನೂರರಲ್ಲಿ 60 ಸಲ ದಢೂತಿಯೊಂದು ಮಾರ್ಗದಲ್ಲಿರುತ್ತದೆ, ಅದರಲ್ಲಿ ಸರಾಸರಿ ಅರ್ಧ, ಅಂದರೆ 3 ಮಿಲಿಸೆಕೆಂಡಿನ ಕೆಲಸ ಬಾಕಿ ಇರುತ್ತದೆ. 20 ಸಲ ಪುಟ್ಟದೊಂದು ಇರುತ್ತದೆ, ಅದರದು 0.4 ಬಾಕಿ. 20 ಸಲ ಮಾರ್ಗ ಖಾಲಿ. ಸರಾಸರಿ ತೆಗೆದರೆ 1.88 ಮಿಲಿಸೆಕೆಂಡ್. ಇದಕ್ಕೆ 'ಉಳಿಕೆ' ಎಂದು ಹೆಸರಿಡೋಣ.

ಯಾರಿಗೂ ಆದ್ಯತೆ ಇಲ್ಲದಿದ್ದರೆ ಉಳಿಕೆಯನ್ನು ಮಾರ್ಗದ ಖಾಲಿ ಪಾಲಿನಿಂದ, ಅಂದರೆ 0.2ರಿಂದ ಭಾಗಿಸಬೇಕು. ಎಲ್ಲರಿಗೂ ಸರಾಸರಿ 9.4 ಮಿಲಿಸೆಕೆಂಡ್ ಕಾಯುವಿಕೆ. ಮಾತಿಗೆ ಆದ್ಯತೆ ಕೊಟ್ಟರೆ ಕಾಬಂ ಸೂತ್ರದ ಮೊದಲ ಸಾಲು ಹೇಳುವುದು ಇಷ್ಟೇ: ಮಾತಿನ ಪ್ಯಾಕೆಟ್ ತನ್ನ ದರ್ಜೆಯ ಹೊರೆಯನ್ನು ಮಾತ್ರ ನೋಡಿದರೆ ಸಾಕು. 1.88ನ್ನು 0.8ರಿಂದ ಭಾಗಿಸಿದರೆ 2.35. ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಎರಡನೆಯ ಸಾಲು ಕಡತದವರದು. ಅವರು ಎರಡು ಸಲ ಭಾಗಿಸಬೇಕು: ಮೇಲಿನ ದರ್ಜೆ ಬಿಟ್ಟುಕೊಟ್ಟ 0.8ರಿಂದ ಒಮ್ಮೆ, ಎಲ್ಲರೂ ಬಿಟ್ಟುಕೊಟ್ಟ 0.2ರಿಂದ ಮತ್ತೊಮ್ಮೆ. ಉತ್ತರ 11.75. ಎರಡು ಸಲ ಏಕೆಂದರೆ, ತಮ್ಮ ಮುಂದೆ ನಿಂತವರಿಗಾಗಿ ಕಾಯುವುದರ ಜೊತೆಗೆ, ಹಾಗೆ ಕಾಯುತ್ತಿರುವಾಗ ಹಿಂದಿನಿಂದ ಬಂದು ನುಗ್ಗುವವರಿಗಾಗಿಯೂ ಅವರು ಕಾಯಬೇಕು. ದೇವಸ್ಥಾನದ ಧರ್ಮದರ್ಶನದ ಸಾಲಿನಲ್ಲಿ ನಿಂತು, ವಿಶೇಷ ದರ್ಶನದ ಚೀಟಿಯವರು ಸರಸರನೆ ಒಳಹೋಗುವುದನ್ನು ನೋಡಿದವರಿಗೆ ಈ ಎರಡನೆಯ ಭಾಗಾಕಾರವನ್ನು ವಿವರಿಸಬೇಕಾಗಿಲ್ಲ.

ಈ ಮಟ್ಟಿಗೆ ವ್ಯಾಪಾರ ಒಳ್ಳೆಯದೇ. ಮಾತಿನವರಿಗೆ 7.05 ಮಿಲಿಸೆಕೆಂಡ್ ಉಳಿತಾಯ, ಕಡತದವರಿಗೆ 2.35 ನಷ್ಟ. ಆದರೆ ಪ್ರತಿ ದರ್ಜೆಯ ಕಾಯುವಿಕೆಯನ್ನು ಅದು ಹೊತ್ತು ತಂದ ಹೊರೆಯಿಂದ ಗುಣಿಸಿ ಕೂಡಿಸಿ ನೋಡಿ. ಆದ್ಯತೆ ಇಲ್ಲದಾಗ 80 ಪಾಲು ಗುಣಿಸು 9.4, ಒಟ್ಟು 752. ಆದ್ಯತೆ ಇದ್ದಾಗ 20 ಗುಣಿಸು 2.35 ಅಂದರೆ 47. 60 ಗುಣಿಸು 11.75 ಅಂದರೆ 705. ಕೂಡಿದರೆ ಮತ್ತೆ 752. ಕಾಕತಾಳೀಯವಲ್ಲ. ಸಾಲನ್ನು ಹೇಗೆ ಅದಲುಬದಲು ಮಾಡಿದರೂ ಮಾರ್ಗ ಕೆಲಸವಿದ್ದಾಗ ಸುಮ್ಮನೆ ಕೂರದಿದ್ದರೆ ಈ ಮೊತ್ತ ಬದಲಾಗದು ಎಂದು 1965ರಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ ಸಾಧಿಸಿದ. 1969ರ ಅಕ್ಟೋಬರ್ 29ರಂದು ಅರ್ಪಾನೆಟ್‌ನ ಮೊದಲ ಸಂದೇಶ ಹೊರಟದ್ದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಇದೇ ಕ್ಲೈನ್‌ರಾಕ್‌ನ ಪ್ರಯೋಗಾಲಯದಿಂದ. ಆದ್ಯತೆಗೆ ವೇಳೆಯನ್ನು ಹುಟ್ಟಿಸುವ ಶಕ್ತಿಯಿಲ್ಲ, ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹಾಕುವುದಷ್ಟೇ ಅದರ ಕೆಲಸ ಎಂಬುದು, ಇಂಟರ್‌ನೆಟ್ ಹುಟ್ಟುವ ಮೊದಲೇ ಅದನ್ನು ಕಟ್ಟುವವರಿಗೆ ತಿಳಿದಿತ್ತು.

ಈಗ ಲೆಕ್ಕದ ಖಾರವಾದ ಭಾಗ. ಅದೇ ಕಚೇರಿಯಲ್ಲಿ ಇನ್ನೂ ನಾಲ್ಕು ಮಂದಿ ಫೋನ್ ಎತ್ತುತ್ತಾರೆ. ಕಡತದವರು ಒಂದು ಬೈಟನ್ನೂ ಹೆಚ್ಚಿಸಿಲ್ಲ. ಮಾತಿನ ಪಾಲು 36ಕ್ಕೆ, ಒಟ್ಟು ಹೊರೆ 96ಕ್ಕೆ ಏರುತ್ತದೆ. ಉಳಿಕೆ ಸ್ವಲ್ಪವೇ ಏರಿ 1.94 ಆಗುತ್ತದೆ. ಮಾತಿನವರ ಕಾಯುವಿಕೆ 3 ಮಿಲಿಸೆಕೆಂಡ್. ಏನೂ ಆದಂತೆಯೇ ಅವರಿಗೆ ಅನಿಸದು. ಕಡತದವರದು? ಸುಮಾರು 76 ಮಿಲಿಸೆಕೆಂಡ್. ಹಿಂದಿನ ಆರು ಪಟ್ಟಿಗಿಂತ ಹೆಚ್ಚು. ಆದ್ಯತೆ ಇರದಿದ್ದರೆ ಎಲ್ಲರೂ ಸುಮಾರು 49 ಮಿಲಿಸೆಕೆಂಡ್ ಕಾಯುತ್ತಿದ್ದರು, 'ಮಾರ್ಗ ಸಾಲದು' ಎಂದು ಎಲ್ಲರೂ ಒಟ್ಟಿಗೆ ಗೊಣಗುತ್ತಿದ್ದರು. ಆದ್ಯತೆ ಇದ್ದುದರಿಂದ ಸಂದಣಿ ಮಾಡಿದವರಿಗೆ ಅದರ ಬಿಸಿ ತಟ್ಟಲಿಲ್ಲ, ಮಾಡದವರಿಗೆ ಪೂರ್ತಿ ತಟ್ಟಿತು. ಇದು ಯಾರ ದುರುದ್ದೇಶವೂ ಅಲ್ಲ. ಸೂತ್ರದ ಸ್ವಭಾವವೇ ಹಾಗೆ.

ಸಾಲಿನಲ್ಲಿ ನಿಂತ ಪ್ಯಾಕೆಟ್‌ಗಳಿಗೆ ಜಾಗವೂ ಬೇಕು. ಅದಕ್ಕೆ 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿದ ಬಲು ಸರಳ ನಿಯಮವಿದೆ: ಬರುವ ವೇಗವನ್ನು ಕಾಯುವ ವೇಳೆಯಿಂದ ಗುಣಿಸಿದರೆ ಸಾಲಿನ ಸರಾಸರಿ ಉದ್ದ. ಸೆಕೆಂಡಿಗೆ 100ರಂತೆ ಬರುವ ಕಡತದ ಪ್ಯಾಕೆಟ್‌ಗಳು ಮೊದಲು ಸರಾಸರಿ ಒಂದು ಚಿಲ್ಲರೆ ನಿಲ್ಲುತ್ತಿದ್ದವು, ಈಗ ಏಳೂವರೆ. ರೂಟರಿನ ಸ್ಮೃತಿ ತುಂಬಿದರೆ ಬಂದ ಪ್ಯಾಕೆಟ್ ಬಿದ್ದುಹೋಗುತ್ತದೆ. ಹೇಳಿ ಕಳುಹಿಸುವುದೂ ಇಲ್ಲ.

ಕೆಂಪು ಗುಂಡಿಗಳ ಮನೆತನ

ರೂಟರಿಗೆ ಯಾವ ಪ್ಯಾಕೆಟ್ ಮುಖ್ಯ ಎಂದು ತಿಳಿಯುವುದು ಹೇಗೆ? 1981ರ ಸೆಪ್ಟೆಂಬರಿನಲ್ಲಿ ಇಂಟರ್‌ನೆಟ್ ಪ್ರೋಟೊಕಾಲಿನ ಮೂಲ ನಿಯಮಾವಳಿ ಬಂದಾಗ ಪ್ರತಿ ಪ್ಯಾಕೆಟ್ಟಿನ ತಲೆಬರಹದಲ್ಲಿ ಮೂರು ಬಿಟ್‌ಗಳನ್ನು ಇದಕ್ಕೆಂದು ಮೀಸಲಿಟ್ಟರು. ಮೂರು ಬಿಟ್‌ಗಳಿಂದ ಎಂಟು ದರ್ಜೆ. ಅವುಗಳ ಹೆಸರನ್ನು ಓದಿದರೆ ಎಲ್ಲಿಂದ ಬಂದವೆಂದು ತಿಳಿಯುತ್ತದೆ: ರೂಟೀನ್, ಪ್ರಯಾರಿಟಿ, ಇಮ್ಮೀಡಿಯೇಟ್, ಫ್ಲ್ಯಾಶ್, ಫ್ಲ್ಯಾಶ್ ಓವರ್‌ರೈಡ್... ಇವು ಅಮೆರಿಕದ ಸೇನೆಯ ಸಂದೇಶಗಳ ದರ್ಜೆಗಳು. ಆ ಸೇನೆಯ ಆಟೊವಾನ್ ಎಂಬ ದೂರವಾಣಿ ಜಾಲದ ಫೋನ್‌ಗಳಲ್ಲಿ ಅಂಕಿಗಳ ಪಕ್ಕಕ್ಕೆ ನಾಲ್ಕು ಗುಂಡಿಗಳ ಇನ್ನೊಂದು ಸಾಲಿತ್ತು, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಮೇಲಿನ ದರ್ಜೆಯ ಗುಂಡಿ ಒತ್ತಿದರೆ, ಲೈನ್ ಖಾಲಿ ಇಲ್ಲದಿದ್ದಲ್ಲಿ, ನಡೆಯುತ್ತಿದ್ದ ಕೆಳದರ್ಜೆಯ ಮಾತನ್ನೇ ಕಡಿದು ಜಾಗ ಮಾಡಿಕೊಡುತ್ತಿದ್ದರು. ನಮ್ಮ ಲೈಟ್ನಿಂಗ್ ಕಾಲ್ ದುಡ್ಡಿನ ಮೇಲೆ ನಿಂತಿತ್ತು, ಇದು ಹುದ್ದೆಯ ಮೇಲೆ.

ಸೇನೆಯಲ್ಲಿ ದರ್ಜೆ ಸುಳ್ಳು ಹೇಳಿದವನನ್ನು ಶಿಕ್ಷಿಸಲು ಮೇಲಧಿಕಾರಿ ಇರುತ್ತಾನೆ. ಇಂಟರ್‌ನೆಟ್ಟಿನಲ್ಲಿ ಯಾರಿದ್ದಾರೆ? ಬಿಟ್‌ಗಳನ್ನು ತುಂಬುವವನು ಕಳುಹಿಸುವವನೇ. ಎಲ್ಲರೂ 'ನನ್ನದೇ ತುರ್ತು' ಎಂದರೆ ಕಾಬಂ ಸೂತ್ರದಲ್ಲಿ ಮೊದಲ ದರ್ಜೆಯ ಹೊರೆಯೇ ಒಟ್ಟು ಹೊರೆಯಾಗಿ, ಎಲ್ಲರ ಕಾಯುವಿಕೆ ಹಳೆಯ 9.4ಕ್ಕೇ ಮರಳುತ್ತದೆ. ಹೀಗಾಗಿ ಈ ಬಿಟ್‌ಗಳು ದೀರ್ಘಕಾಲ ಬಹುಪಾಲು ಅಲಂಕಾರಕ್ಕೇ ಉಳಿದವು.

ಅದಕ್ಕೊಂದು ಸ್ವಾರಸ್ಯದ ಅಪವಾದವಿದೆ. ಅಮೆರಿಕದ ವಿಶ್ವವಿದ್ಯಾಲಯಗಳನ್ನು ಬೆಸೆದ ಎನ್‌ಎಸ್‌ಎಫ್‌ನೆಟ್ ಜಾಲದ ಬೆನ್ನೆಲುಬು 1986ರಲ್ಲಿ ಶುರುವಾದಾಗ ಅದರ ವೇಗ ಸೆಕೆಂಡಿಗೆ 56 ಸಾವಿರ ಬಿಟ್ ಮಾತ್ರ. 'ಫಜ್‌ಬಾಲ್' ಎಂಬ ಅಡ್ಡಹೆಸರಿನ ರೂಟರ್‌ಗಳನ್ನು ಸಿದ್ಧಪಡಿಸಿದವರು ಡೇವಿಡ್ ಮಿಲ್ಸ್. ಮರುವರ್ಷವೇ ಸಂದಣಿ ಮಿತಿಮೀರಿತು. ದೂರದ ಕಂಪ್ಯೂಟರ್ ಮುಂದೆ ಕೂತಂತೆ ಒಂದೊಂದೇ ಅಕ್ಷರ ಟೈಪ್ ಮಾಡುತ್ತಿದ್ದವರಿಗೆ ಒತ್ತಿದ ಅಕ್ಷರ ಪರದೆಯ ಮೇಲೆ ಬರುವುದೇ ತಡವಾಗತೊಡಗಿತು. ಆಗ ಜಾಲದವರು ಟೈಪ್ ಮಾಡುವವರ ಪುಟ್ಟ ಪ್ಯಾಕೆಟ್‌ಗಳನ್ನು ಕಡತದ ದಢೂತಿಗಳಿಗಿಂತ ಮುಂದೆ ಬಿಡುವ ಏರ್ಪಾಟು ಮಾಡಿದರು, ಸದ್ದಿಲ್ಲದೆ. ಡಂಗುರ ಸಾರಿದ್ದರೆ ಎಲ್ಲರೂ ತಮ್ಮ ಕಡತಕ್ಕೂ ಅದೇ ವೇಷ ತೊಡಿಸುತ್ತಿದ್ದರು. 1988ರಲ್ಲಿ ಹೊಸ, ವೇಗದ ಮಾರ್ಗಗಳು ಬರುವವರೆಗೆ ಈ ಗುಟ್ಟು ಜಾಲವನ್ನು ಉಳಿಸಿತು.

ಭಾರತದಲ್ಲಿ ಅದೇ ಕಾಲಕ್ಕೆ ಅರ್ನೆಟ್ ಎಂಬ ಶೈಕ್ಷಣಿಕ ಜಾಲ ಕಣ್ಣು ಬಿಡುತ್ತಿತ್ತು. ಅದನ್ನು ಕಟ್ಟಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸೆಕೆಂಡಿಗೆ 9,600 ಬಿಟ್ ಸಾಗುವ ಮಾರ್ಗವೇ ಅಂದಿನ ದಿನಗಳಲ್ಲಿ ದೊಡ್ಡದು. ಅಂಥ ಮಾರ್ಗದಲ್ಲಿ 1500 ಬೈಟಿನ ಒಂದೇ ಒಂದು ಪ್ಯಾಕೆಟ್ ಹಾದುಹೋಗಲು ಒಂದೂಕಾಲು ಸೆಕೆಂಡ್ ಬೇಕು. ಚಿಲ್ಲರೆ ಚೀಲದವನು ಇಲ್ಲಿ ಮತ್ತೆ ಬಂದ. ಮೊದಲ ದರ್ಜೆಯವನಿಗೂ ಉಳಿಕೆಯಿಂದ ಬಿಡುಗಡೆ ಇಲ್ಲವಾದ್ದರಿಂದ ನಿಧಾನದ ಮಾರ್ಗದಲ್ಲಿ ಆದ್ಯತೆ ಕೊಟ್ಟೂ ಪ್ರಯೋಜನವಿಲ್ಲ. 64 ಸಾವಿರ ಬಿಟ್ಟಿನ ಮಾರ್ಗದಲ್ಲೂ ದಢೂತಿಯೊಂದು ಹಾದುಹೋಗಲು 187 ಮಿಲಿಸೆಕೆಂಡ್ ಬೇಕು. ಮಾತಿನ 150ರ ಮಿತಿ ಅಲ್ಲೇ ಮುಗಿಯಿತು. ಅದಕ್ಕೇ ದಢೂತಿಗಳನ್ನು ತುಂಡರಿಸಿ, ತುಂಡುಗಳ ನಡುವೆ ಮಾತನ್ನು ತೂರಿಸುವ ಉಪಾಯ ಬಂತು. ಸೆಕೆಂಡಿಗೆ ನೂರು ಕೋಟಿ ಬಿಟ್ ಸಾಗಿಸುವ ಇಂದಿನ ಮಾರ್ಗದಲ್ಲಿ ಅದೇ ಪ್ಯಾಕೆಟ್ ಹಾದುಹೋಗಲು ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 12 ಮಾತ್ರ.

ಹೊಟ್ಟೆಬಾಕರನ್ನು ಹದ್ದಿನಲ್ಲಿಡಲು ಬೇರೆ ದಾರಿಗಳೂ ಹುಟ್ಟಿದವು. 1989ರಲ್ಲಿ ಅಲನ್ ಡೆಮರ್ಸ್, ದೆಹಲಿ ಐಐಟಿಯಲ್ಲಿ ಓದಿದ ಶ್ರೀನಿವಾಸನ್ ಕೇಶವ್ ಮತ್ತು ಸ್ಕಾಟ್ ಶೆಂಕರ್ ಸೇರಿ, ಪ್ರತಿ ಸಂವಾದಕ್ಕೂ ಪ್ರತ್ಯೇಕ ಸಾಲು ಮಾಡಿ ಸರದಿಯಂತೆ ಬಡಿಸುವ ಕ್ರಮವನ್ನು ವಿವರಿಸಿದರು. ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೊಂದು ಸೌಟು. ಗಟ್ಟಿಯಾಗಿ ಕೂಗಿದವನಿಗೆ ಎರಡಿಲ್ಲ. 1998ರಲ್ಲಿ ತಲೆಬರಹದ ಆ ಹಳೆಯ ಬಿಟ್‌ಗಳಿಗೆ ಹೊಸ ಅರ್ಥ ಕೊಡಲಾಯಿತು: ಗುರುತು ಹಾಕುವವನು ಕಳುಹಿಸುವವನಲ್ಲ, ಜಾಲದ ಬಾಗಿಲಲ್ಲಿ ಕೂತ ರೂಟರ್; ಜೊತೆಗೆ, ಮೊದಲ ದರ್ಜೆಯಲ್ಲಿ ಇಷ್ಟಕ್ಕಿಂತ ಹೆಚ್ಚು ಬಂದರೆ ಹೆಚ್ಚಿನದನ್ನು ಬಿಸಾಡಬೇಕು. ಮೊದಲ ದರ್ಜೆ ಮಾರ್ಗದ ಮೂರನೇ ಒಂದು ಪಾಲನ್ನು ಮೀರದಿರಲಿ ಎಂಬ ಸಲಹೆ ಎಂಜಿನಿಯರ್‌ಗಳಲ್ಲಿ ರೂಢಿಯಲ್ಲಿದೆ. ನಾಲ್ಕು ಹೊಸ ಕರೆಗಳ ಲೆಕ್ಕ ನೋಡಿದವರಿಗೆ ಅದರ ಕಾರಣ ಹೊಳೆಯುತ್ತದೆ.

ಅಂದಾಜು ತಪ್ಪುವುದು ಎಲ್ಲಿ

ಮೇಲಿನ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಪ್ಯಾಕೆಟ್‌ಗಳು ಒಂದರ ಪರಿವೆ ಇನ್ನೊಂದಕ್ಕಿಲ್ಲದಂತೆ, ಎರ್ಲಾಂಗನ ಕೋಪನ್‌ಹೇಗನ್ನಿನ ಜನ ಫೋನ್ ಎತ್ತಿದಂತೆ ಬಿಡಿಬಿಡಿಯಾಗಿ ಬರುತ್ತವೆ ಎಂಬುದು ಆ ನಂಬಿಕೆ. ಮನುಷ್ಯರ ಕರೆಗೆ ಅದು ಹೊಂದುತ್ತಿತ್ತು. ಕಂಪ್ಯೂಟರ್‌ಗಳ ಸಂಚಾರಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿ 1989ರಿಂದ 1992ರವರೆಗೆ ಹಿಡಿದಿಟ್ಟ ಸಂಚಾರದ ದಾಖಲೆಗಳನ್ನು ಪರಿಶೀಲಿಸಿದ ವಿಲ್ ಲೆಲ್ಯಾಂಡ್ ಮತ್ತು ಸಂಗಡಿಗರು, ಪ್ಯಾಕೆಟ್‌ಗಳು ಮಳೆಹನಿಯಂತಲ್ಲ, ಬಿರುಮಳೆಯ ಅಲೆಗಳಂತೆ ಬರುತ್ತವೆ ಎಂದು ತೋರಿಸಿದರು. ಸೆಕೆಂಡಿನ ಅಳತೆಯಲ್ಲಿ ನೋಡಿದರೂ ಗಂಟೆಯ ಅಳತೆಯಲ್ಲಿ ನೋಡಿದರೂ ಅಲೆಗಳ ಏರಿಳಿತ ಒಂದೇ ಬಗೆಯದು. ದೀರ್ಘ ಸರಾಸರಿ ತೆಗೆದರೂ ಅದು ನುಣುಪಾಗುವುದಿಲ್ಲ. ಇಂಥ ಕಡೆ ಹಳೆಯ ಸೂತ್ರ ಹೇಳಿದ್ದಕ್ಕಿಂತ ನಿಜವಾದ ಕಾಯುವಿಕೆ ಎಷ್ಟೋ ಹೆಚ್ಚಾಗಬಹುದು, ಅದರಲ್ಲೂ ಕೆಳದರ್ಜೆಯವರದು.

ಹಾಗೆಂದು ಕಾಬಂ ಸೂತ್ರ ಮೂಲೆ ಸೇರಲಿಲ್ಲ. ಕರಾರಿನಂತೆ ಸಮ ಅಂತರದಲ್ಲಿ ಬರುವ ಮಾತಿನ ಪ್ಯಾಕೆಟ್‌ಗಳಿಗೆ, ಅದೂ ಅವುಗಳ ಪಾಲು ಸಣ್ಣದಿದ್ದಾಗ, ಅದು ಕೊಡುವ ಅಂದಾಜು ಕೈಕೊಡುವುದು ಅಪರೂಪ. ಸರಾಸರಿ ಸಾಲದು, ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟೆಂದು ಹೇಳಿ ಎನ್ನುವವರಿಗಾಗಿ ರೆನೆ ಕ್ರೂಜ್ 1991ರಲ್ಲಿ ಬೇರೆಯದೇ ಗಣಿತ ಕೊಟ್ಟ. ಅದರಲ್ಲಿ ಸಂಭವನೀಯತೆಯ ಗೊಡವೆಯಿಲ್ಲ: ಒಬ್ಬೊಬ್ಬರೂ ಗರಿಷ್ಠ ಎಷ್ಟು ತರಬಹುದು ಎಂಬ ಕಟ್ಟಳೆ ಇಟ್ಟರೆ ಗರಿಷ್ಠ ಎಷ್ಟು ಕಾಯಬೇಕೆಂಬ ಮಿತಿ ಸಿಗುತ್ತದೆ. ಏರ್‌ಬಸ್ ಎ380 ವಿಮಾನದ ಒಳಗಿನ ಸಂದೇಶ ಜಾಲವನ್ನು ಪ್ರಮಾಣೀಕರಿಸಲು ಬಳಸಿದ್ದು ಈ ಬಗೆಯ ಲೆಕ್ಕವನ್ನೇ. ಚಾಲಕನ ಕೈಯ ಆದೇಶ ರೆಕ್ಕೆಗೆ ಮುಟ್ಟಲು 'ಸರಾಸರಿ ಇಷ್ಟು' ಎಂದರೆ ಯಾರು ವಿಮಾನ ಹತ್ತುತ್ತಾರೆ? ಈ ಎರಡೂ ಬಗೆಯ ಲೆಕ್ಕಗಳನ್ನು ಕಲಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್, ಜಾಯ್ ಕುರಿ ಮತ್ತು ಮುಂಬಯಿ ಐಐಟಿಯ ಡಿ. ಮಂಜುನಾಥ್ 2004ರಲ್ಲಿ ಬರೆದ ಪಠ್ಯಪುಸ್ತಕವಿದೆ.

ಎರಡನೆಯ ಸಾಲಿನ ಪ್ರಶ್ನೆ

ಇಷ್ಟು ದಿನ ಎಂಜಿನಿಯರ್‌ಗಳ ಮೇಜಿನ ಮೇಲಿದ್ದ ಈ ಲೆಕ್ಕ 2015ರಲ್ಲಿ ಭಾರತದ ಬೀದಿಗೆ ಬಂತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇ–ಮೇಲ್‌ಗಳು ಬಂದವು. ಆಗ ಎದ್ದ ವಾದ ಮುಖ್ಯವಾಗಿ ದರದ ಬಗ್ಗೆ. ಕೆಲವು ತಾಣಗಳನ್ನು ಪುಕ್ಕಟೆಯಾಗಿ ಕೊಡಬಹುದೇ ಎಂಬುದರ ಬಗ್ಗೆ. ಅಂಥ ತಾರತಮ್ಯದ ದರವನ್ನು 2016ರ ಫೆಬ್ರುವರಿ 8ರಂದು ಟ್ರಾಯ್ ನಿಷೇಧಿಸಿತು. ವೇಗದ ತಾರತಮ್ಯದ ಮಾತು ಬಂದದ್ದು ಅದರ ನಂತರ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಿಯಮಗಳ ಪ್ರಕಾರ ಕಂಪೆನಿಗಳು ಯಾವುದೇ ತಾಣವನ್ನು ಬೇಕೆಂದೇ ನಿಧಾನ ಮಾಡುವಂತಿಲ್ಲ, ಮುಂದಕ್ಕೆ ತಳ್ಳುವಂತೆಯೂ ಇಲ್ಲ. ವಿನಾಯಿತಿಗಳಿವೆ: ದೂರದಿಂದಲೇ ನಡೆಸುವ ಶಸ್ತ್ರಚಿಕಿತ್ಸೆ, ಚಾಲಕನಿಲ್ಲದ ವಾಹನದಂಥ ವಿಶೇಷ ಸೇವೆಗಳು.

ಅಮೆರಿಕದಲ್ಲಿ ಇದೇ ವಿವಾದ ಉಯ್ಯಾಲೆಯಾಡಿತು. ಹಣ ಪಡೆದು ಆದ್ಯತೆ ಕೊಡುವುದನ್ನು 2015ರಲ್ಲಿ ನಿಷೇಧಿಸಿದರು, 2017ರಲ್ಲಿ ಆ ನಿಯಮವನ್ನು ರದ್ದು ಮಾಡಿದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಪರವಾಗಿ ಮಾತನಾಡುವವರು ಕಾಬಂ ಸೂತ್ರದ ಮೊದಲ ಸಾಲನ್ನು ಓದುತ್ತಾರೆ, ವಿರುದ್ಧ ಇರುವವರು ಎರಡನೆಯದನ್ನು. ಮಾರ್ಗ ಅರ್ಧ ಖಾಲಿ ಇದ್ದಾಗ ಎರಡೂ ಸಾಲುಗಳ ಅಂತರ ಕಣ್ಣಿಗೆ ಕಾಣದಷ್ಟು ಚಿಕ್ಕದು. ಜಗಳವೆಲ್ಲ ಇರುವುದು ಸಂಜೆಯ ಸಂದಣಿಯ ಹೊತ್ತಿನಲ್ಲಿ, ಹೊರೆ ನೂರಕ್ಕೆ 90 ದಾಟಿದಾಗ.

5ಜಿ ಜಾಲ ಬಂದ ಮೇಲೆ ಒಂದೇ ಗೋಪುರದ ಸಾಮರ್ಥ್ಯವನ್ನು ಹೋಳುಗಳಾಗಿ ಮಾಡಿ, ಒಂದು ಹೋಳನ್ನು ಕಾರ್ಖಾನೆಗೆ, ಇನ್ನೊಂದನ್ನು ಆಸ್ಪತ್ರೆಗೆ ಎಂದು ಬೇರೆ ಬೇರೆ ದರ್ಜೆಯಲ್ಲಿ ಕೊಡಲು ಸಾಧ್ಯವಾಗಿದೆ. ಯಾವುದು ವಿಶೇಷ ಸೇವೆ ಎಂಬ ಚರ್ಚೆ ಅದರಿಂದ ಮತ್ತೆ ಜೀವ ಪಡೆದಿದೆ. ವಿಶೇಷ ಸೇವೆಗಳಿಂದಾಗಿ ಉಳಿದವರ ಇಂಟರ್‌ನೆಟ್ ಲಭ್ಯತೆಗೂ ಒಟ್ಟಾರೆ ಗುಣಮಟ್ಟಕ್ಕೂ ಧಕ್ಕೆಯಾಗಬಾರದು ಎಂಬ ಷರತ್ತನ್ನು ಟ್ರಾಯ್ 2017ರ ಶಿಫಾರಸಿನಲ್ಲೇ ಬರೆದಿತ್ತು. ಧಕ್ಕೆ ಆಗಿದೆಯೋ ಇಲ್ಲವೋ ಎಂದು ಹೇಳಬೇಕಾದರೆ ಮೇಲಿನ ದರ್ಜೆಯ ಹೊರೆ ಎಷ್ಟು, ಒಟ್ಟು ಹೊರೆ ಎಷ್ಟು ಎಂಬ ಎರಡು ಅಂಕಿಗಳು ಬೇಕು, ಅದೂ ಗೋಪುರಗೋಪುರಕ್ಕೆ, ಸಂದಣಿಯ ಹೊತ್ತಿನವು. ಆ ಅಂಕಿಗಳು ಇರುವುದು ಕಂಪೆನಿಗಳ ಬಳಿ.